ನೆಲ ಬಿಡಿಸುವವಳು

ಆ ದಿನ ಬೆಳಿಗ್ಗೆ ಯಾರೂ ಬರಲಿಲ್ಲ. ಗಂಡನಿಗೆ ಮಣ್ಣು ಕೊಟ್ಟ ದಿನದಿಂದ ಬೆಳಗಾದರೆ ಯಾರಾದರೊಬ್ಬರು ಬುತ್ತಿ ಹಿಡಿದು ಬರುತ್ತಿದ್ದರು. ನನ್ನ ಮುಂದೆ ಸ್ವಲ್ಪ ಹೊತ್ತು ಅಳುತ್ತಿದ್ದರು, ನಾನು ಅಳದಿರುವುದನ್ನು ನೋಡಿ ಇನ್ನಷ್ಟು ಅಳುತ್ತಿದ್ದರು. ಅಂದು ಹಾಲಿನವನು ಮಾತ್ರ ಬಂದ. ಎಷ್ಟು ಹಾಕಲಿ ಎಂದು ಕೇಳಲು ಬಾಯಿ ತೆರೆದವನು ಕೇಳದೆ ಎಂದಿನಷ್ಟೇ ಹಾಕಿ ಹೋದ. ನಾನು ಇಬ್ಬರಿಗಾಗುವಷ್ಟು ಚಹಾ ಮಾಡಿದೆ. ಒಂದು ಲೋಟ ಕುಡಿದೆ. ಇನ್ನೊಂದನ್ನು ಹಲಗೆಯ ಮೇಲಿಟ್ಟು ಕೆನೆಗಟ್ಟುವುದನ್ನು ನೋಡಿದೆ. ಆಮೇಲೆ ಅದನ್ನೂ ಕುಡಿದೆ.

ಮನೆಯಲ್ಲಿ ಎಲ್ಲವೂ ತನ್ನ ತನ್ನ ಜಾಗದಲ್ಲಿ ತೂಗುತ್ತಿತ್ತು. ಗಡಿಗೆ ನೆಲುವಿನಲ್ಲಿ, ಅಕ್ಕಿಯ ಡಬ್ಬಿ ಕೊಕ್ಕೆಯಲ್ಲಿ, ನನ್ನ ಗಂಡನ ಚಪ್ಪಲಿ ಗೋಡೆಯ ಮೊಳೆಯಲ್ಲಿ. ನಮ್ಮ ಊರಿನಲ್ಲಿ ಯಾವುದನ್ನೂ ನೆಲದ ಮೇಲೆ ಬಿಡುವುದಿಲ್ಲ. ಬಿಟ್ಟದ್ದು ಬೆಳಗಾಗುವುದರೊಳಗೆ ಭಾರವಾಗಿರುತ್ತದೆ. ವಾರ ಬಿಟ್ಟರೆ ಒಂದು ತಂಬಿಗೆಯನ್ನು ಎತ್ತಲು ಇಬ್ಬರು ಬೇಕು. ಓಡಾಡುವವರನ್ನು ನೆಲ ಏನೂ ಮಾಡುವುದಿಲ್ಲ. ಸುಮ್ಮನಿದ್ದದ್ದನ್ನು ಮಾತ್ರ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಕ್ಕಳು ತೊಟ್ಟಿಲಲ್ಲಿ, ಮುದುಕರು ಮಂಚದ ಮೇಲೆ, ಕುಂಬಳಕಾಯಿ ಚಪ್ಪರದ ಮೇಲೆ. ನಾನು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಪುಸ್ತಕದ ಯಾವ ನಕ್ಷೆಯಲ್ಲೂ ನಮ್ಮ ಊರಿಲ್ಲ; ಮಕ್ಕಳು ಅದನ್ನು ಕೇಳುವುದೂ ಇಲ್ಲ. ವಿಶ್ವವಿದ್ಯಾಲಯಕ್ಕೆ ಹೋದ ಹೊಸದರಲ್ಲಿ, ಹಾಸ್ಟೆಲ್ಲಿನ ಹುಡುಗಿಯರು ತಮ್ಮ ಪೆಟ್ಟಿಗೆಗಳನ್ನು ನೆಲದ ಮೇಲೆ ಮಂಚದಡಿಗೆ ತಳ್ಳುವುದನ್ನು ನೋಡಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಎಂ.ಎ. ಓದಿದವಳು ಹಮಾಲನನ್ನು ಮದುವೆಯಾದಳೇ ಎಂದು ಬೇರೆ ಊರಿನವರಿಗೆ ಆಶ್ಚರ್ಯವಾಗಬಹುದು. ನಮ್ಮಲ್ಲಿ ಆಗುವುದಿಲ್ಲ. ನನ್ನ ಗಂಡ ಬರೀ ಹಮಾಲರಲ್ಲ, ನೆಲ ಬಿಡಿಸುವವರು. ಪೇಟೆಯಲ್ಲಿ ಧಾನ್ಯದ ಗೋದಾಮು ಇದೆ. ಅಲ್ಲಿ ಚೀಲಗಳನ್ನು ಒಂದರ ಮೇಲೊಂದು ನಿಟ್ಟು ಒಟ್ಟುತ್ತಾರೆ. ಮೇಲಿನವು ತಮ್ಮ ತೂಕದಲ್ಲೇ ಇರುತ್ತವೆ. ಅಡಿಸಾಲು ಮಾತ್ರ ನೆಲಕ್ಕೆ ತಾಗಿ ಭಾರವಾಗುತ್ತದೆ. ಉಳಿದ ಹಮಾಲರು ಮೇಲಿನವನ್ನು ಹೊತ್ತೊಯ್ದ ಮೇಲೆ ಆ ಅಡಿಸಾಲನ್ನು ನೆಲದಿಂದ ಬಿಡಿಸುವುದು ಒಬ್ಬರ ಕೆಲಸ. ಅವರು ಮೊಣಕಾಲು ಮಡಚುವಂತಿಲ್ಲ. ಮಡಚಿದರೆ ನೆಲಕ್ಕೆ ಮಂಡಿಯೂರಿದ ಹಾಗೆ, ಆಮೇಲೆ ನೆಲ ಅವರ ಮಾತು ಕೇಳುವುದಿಲ್ಲ ಎಂದು ನಂಬಿಕೆ. ಕಾಲು ನೆಟ್ಟಗಿಟ್ಟು, ಸೊಂಟದಿಂದ ಬಗ್ಗಿ, ಚೀಲದ ಎರಡು ಕಿವಿ ಹಿಡಿದು ಎತ್ತಬೇಕು. ಒಂದು ಗೇಣು ಮೇಲೆ ಬಂದರೆ ಸಾಕು, ಚೀಲ ತನ್ನ ತೂಕಕ್ಕೆ ಮರಳುತ್ತದೆ. ಮುಂದೆ ಯಾರು ಬೇಕಾದರೂ ಹೊರಬಹುದು. ಆ ಒಂದು ಗೇಣಿಗಾಗಿ ಊರು ಅವರಿಗೆ ಮರ್ಯಾದೆ ಕೊಡುತ್ತದೆ. ಮದುವೆಯ ಊಟದಲ್ಲಿ ಮೊದಲ ಎಲೆ ಅವರದು.

ಹಳೆಯ ಬಿಡಿಸುವವರು ಪೇಟೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಎಲ್ಲರ ಬೆನ್ನೂ ಕೊಡಲಿಯ ಕಾವಿನಂತೆ ಬಾಗಿದೆ. ಮುಖ ಎತ್ತಲಾಗದ್ದರಿಂದ ಅವರು ಊರಿನ ಜನರನ್ನು ಚಪ್ಪಲಿಯಿಂದ ಗುರುತಿಸುತ್ತಾರೆ. ಹೊಸ ಚಪ್ಪಲಿ ಕೊಂಡವರು ಮೊದಲು ಆ ಕಟ್ಟೆಗೆ ಹೋಗಿ ತಮ್ಮ ಹೆಸರು ಹೇಳಿ ಬರುವುದು ವಾಡಿಕೆ.

ನನ್ನ ಗಂಡನ ಬೆನ್ನು ಕಳೆದ ವರ್ಷದಿಂದಲೇ ಹಿಡಿಯತೊಡಗಿತ್ತು. ಸಂಜೆ ಅವರು ಹಲಗೆಮಂಚದ ಮೇಲೆ ಬೋರಲು ಮಲಗುತ್ತಿದ್ದರು. ನಾನು ಜಂತಿಗೆ ಕಟ್ಟಿದ ಹಗ್ಗ ಹಿಡಿದುಕೊಂಡು ಅವರ ಬೆನ್ನ ಮೇಲೆ ನಡೆಯುತ್ತಿದ್ದೆ. ಎಡಕ್ಕೆ ಎನ್ನುತ್ತಿದ್ದರು, ಸ್ವಲ್ಪ ಕೆಳಗೆ ಎನ್ನುತ್ತಿದ್ದರು, ಅಲ್ಲೇ ನಿಲ್ಲು ಎನ್ನುತ್ತಿದ್ದರು. ನಾವು ಹೆಚ್ಚು ಮಾತಾಡಿದ್ದು ಆ ಹೊತ್ತಿನಲ್ಲೇ. ಒಂದು ದಿನ ಅವರು ಅಡಿಸಾಲಿಗೆ ಬಗ್ಗಿದ್ದಾಗ ಪಕ್ಕದ ನಿಟ್ಟು ವಾಲಿತು. ಎಲ್ಲರೂ ಕೂಗಿದರು. ಉಳಿದವರು ಹಾರಿ ಆಚೆ ನಿಂತರು. ಬಗ್ಗಿದ ಅವರಿಗೆ ಬೇಗ ನೆಟ್ಟಗಾಗಲು ಆಗಲಿಲ್ಲ. ಅಷ್ಟೇ.

ಯಾರೂ ಬಾರದ ಆ ಬೆಳಿಗ್ಗೆ ನಾನು ಶಾಲೆಗೆ ಹೊರಟು ಬಾಗಿಲು ಹಾಕುತ್ತಿದ್ದಾಗ ಫಕೀರವ್ವ ಬಂದಳು. ಅವಳು ನನ್ನ ಗಂಡನ ತಂಗಿ. ಗೋದಾಮಿನಲ್ಲಿ ಗಂಡಸರ ಸಮ ಚೀಲ ಹೊರುತ್ತಾಳೆ. ಗಂಡನ ಮನೆ ಬಿಟ್ಟು ಬಂದು ಬಹಳ ವರ್ಷವಾಯಿತು. ಯಾಕೆ ಬಿಟ್ಟೆ ಎಂದರೆ ಆ ಮನೆಯ ಬಾಗಿಲು ಗಿಡ್ಡ ಇತ್ತು ಎನ್ನುತ್ತಾಳೆ. ಅಂದು ಅವಳು ಸೆರಗಿನ ತುದಿಯಿಂದ ಬೆಲ್ಲದ ಚೂರು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ದುಃಖದ ಮನೆಯಲ್ಲಿ ಸಿಹಿ ತಿನ್ನಬಾರದು, ಕೈಯಲ್ಲಿ ಹಿಡಿದುಕೊಂಡರೆ ಸಾಕು ಎಂದಳು. ಅಣ್ಣನ ಜಾಗ ತನಗೆ ಬಂದಿದೆ, ಬರುವ ಅಮಾವಾಸ್ಯೆಗೆ ಮೊದಲ ಚೀಲ ಬಿಡಿಸಬೇಕು, ಹಮಾಲರ ಮುಕಾದಮ ದ್ಯಾಮಣ್ಣ ಎಲ್ಲರ ಮುಂದೆ ಹೇಳಿದ್ದಾನೆ ಎಂದಳು. ಹೆಂಗಸೊಬ್ಬಳು ನೆಲ ಬಿಡಿಸಿದ್ದು ಊರಿನಲ್ಲಿ ಇದುವರೆಗೆ ಇಲ್ಲ. ಹೇಳುವಾಗ ಅವಳ ಮುಖ ಹೊಳೆಯಿತು. ಹೊಳೆದದ್ದಕ್ಕೆ ತಾನೇ ನಾಚಿ ನೆಲ ನೋಡಿದಳು.

ನಮ್ಮ ಮನೆಯ ಕಟ್ಟೆಯ ಮೇಲೆ ಕೂತವಳು ಹೊರಡಲು ಏಳುವಾಗ ಗೋಡೆ ಹಿಡಿದಳು. ಒಂದು ಕೈ ಸೊಂಟಕ್ಕೆ ಹೋಯಿತು. ನಾನು ನೋಡಿದ್ದನ್ನು ನೋಡಿ, ವಾಯು ಹಿಡಿದಿದೆ ಎಂದಳು. ಅದು ವಾಯು ಅಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಗಂಡ ತೀರಿಹೋದ ದಿನ, ಬೇರೆ ದಾರಿ ಇಲ್ಲದೆ ಅವರನ್ನು ನೆಲದ ಮೇಲೆ ಮಲಗಿಸಿದ್ದರು. ದೂರದ ನೆಂಟರು ಬರುವಷ್ಟರಲ್ಲಿ ಮರುದಿನವಾಗಿತ್ತು. ಎತ್ತಲು ಹೋದ ಗಂಡಸರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೊನೆಗೆ ಫಕೀರವ್ವ ಸೆರಗು ಕಟ್ಟಿ, ಕಾಲು ನೆಟ್ಟಗಿಟ್ಟು, ಬಗ್ಗಿ, ಅಣ್ಣನ ಕಂಕುಳಿಗೆ ಕೈಕೊಟ್ಟು ಬಿಡಿಸಿದಳು. ಅವಳ ಸೊಂಟದಲ್ಲಿ ಒಣ ಕಡ್ಡಿ ಮುರಿದಂಥ ಸದ್ದು ಬಂದಿತ್ತು. ಊರು ಅವಳಿಗೆ ಜಾಗ ಕೊಟ್ಟದ್ದು ಅದನ್ನು ನೋಡಿಯೇ. ಸದ್ದು ಕೇಳಿಸಿದ್ದು ನನಗೆ ಮಾತ್ರ.

ಹೋಗಬೇಡ ಎಂದೆ. ಇನ್ನೊಂದು ಸಲ ಹಾಗೆ ಬಗ್ಗಿದರೆ ನೀನು ಮತ್ತೆ ಏಳುವುದಿಲ್ಲ ಎಂದೆ. ಇಷ್ಟು ದಿನ ಯಾರ ಹತ್ತಿರವೂ ಅಷ್ಟು ಉದ್ದ ಮಾತಾಡಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು.

"ವೈನಿ, ನೀ ಓದಿದಾಕಿ. ನಿನ ಹೆಸರಿನ ಮುಂದ ಎರಡಕ್ಷರ ಅದಾವ. ನನ್ನ ಹೆಸರಿನ ಮುಂದ ಏನೈತಿ, ಗಂಡನ ಬಿಟ್ಟಾಕಿ ಅಂತ ಐತಿ. ಈ ಜಾಗಾ ಒಂದ ಬಂದೈತಿ ನನಗ. ಅದನ್ನೂ ಬ್ಯಾಡ ಅಂತೀಯೇನು?"

ಬೆಲ್ಲ ಅಂಗೈಯಲ್ಲಿ ಕರಗಿ ಅಂಟಿತು. ಶಾಲೆಯಲ್ಲಿ ಅಂದು ನದಿಗಳ ಪಾಠ ಮಾಡಿದೆ.

ಅದೇ ವಾರ ಕಲ್ಲವ್ವಜ್ಜಿ ಬಂದಳು. ಊರಿನ ಅಂಚಿನಲ್ಲಿರುವ ಅವಳ ಮನೆಯಲ್ಲಿ ತೊಲೆಗೆ ಕಟ್ಟಿದ ಕಡೆಮಂಚ ತೂಗುತ್ತಿರುತ್ತದೆ. ಸತ್ತವರನ್ನು ನೆಲ ಹಿಡಿಯಬಾರದೆಂದು ಮಲಗಿಸುವ, ಸೊಂಟದೆತ್ತರದ, ಮನುಷ್ಯನುದ್ದದ ಸಾಗುವಾನಿ ಮಂಚ ಅದು. ಇಡೀ ಊರಿಗೆ ಒಂದೇ; ಬದುಕಿದವರು ಮಲಗುವ ಮಂಚದ ಮೇಲೆ ಹೆಣ ಮಲಗಿಸುವುದಿಲ್ಲ. ಬೇಕಾದವರು ಒಯ್ದು, ಆದಮೇಲೆ ಮರಳಿಸಬೇಕು. ಅಜ್ಜಿ ಮಗಳ ಬಾಣಂತನಕ್ಕೆ ಹೋಗಿದ್ದವಳು ಹಿಂದಿನ ದಿನವಷ್ಟೇ ಮರಳಿದ್ದಳು. ನನ್ನ ಗಲ್ಲ ಸವರಿ, ಕೂತು, ನೀರು ಕುಡಿದು, ಹೇಳಲೋ ಬೇಡವೋ ಎಂದು ಸೆರಗಿನ ಅಂಚನ್ನು ತಿರುವಿದಳು.

"ಈ ಹೊತ್ತಿನ್ಯಾಗ ಕೇಳಬಾರದವ್ವಾ. ಆದ್ರ ಕೆಳಗಿನ ಓಣ್ಯಾಗ ಗೌರಮ್ಮ ಇವತ್ತೋ ನಾಳಿಗೋ ಅನ್ನೂಹಂಗ ಅದಾಳ. ನಿನ ಗಂಡ ಒಯ್ದಿದ್ನಲ್ಲ ಕಡೆಮಂಚ, ಅದು ಬೇಕಾಗೈತಿ."

ಅವರು ಒಯ್ದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಅವರು ಸತ್ತ ದಿನ ಜನ ಅಜ್ಜಿಯ ಮನೆಗೆ ಓಡಿ, ಖಾಲಿ ಹಗ್ಗ ತೂಗುವುದನ್ನು ನೋಡಿ, ಪಕ್ಕದೂರಿನವರು ಒಯ್ದಿರಬೇಕೆಂದುಕೊಂಡು ಮರಳಿದ್ದರು. ಅವರನ್ನು ನೆಲದ ಮೇಲೆ ಮಲಗಿಸಿದ್ದು ಅದಕ್ಕೇ. ಅಜ್ಜಿಗೆ ಅದನ್ನು ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ ನಿಧಾನವಾಗಿ ತನಗೆ ಗೊತ್ತಿದ್ದನ್ನು ಹೇಳಿದಳು. ಅವರು ಸುಗ್ಗಿ ಮುಗಿದಾಗ ಬಂದಿದ್ದರಂತೆ. ಯಾರು ಹೋದರು ಎಂದು ಅಜ್ಜಿ ಕೇಳಿದಳಂತೆ. ಯಾರೂ ಇಲ್ಲ, ಚೀಲಕ್ಕೆ ಬೇಕು ಎಂದರಂತೆ. ಅಜ್ಜಿ ನಕ್ಕು, ಊರಿನಲ್ಲಿ ಸದ್ಯಕ್ಕೆ ಯಾರೂ ಸಾಯುವ ಲಕ್ಷಣ ಇಲ್ಲ, ಸುಮ್ಮನೆ ತೂಗಾಡುತ್ತಿದೆ, ಒಯ್ಯಿ ಎಂದಳಂತೆ.

ಸಂಜೆ ಫಕೀರವ್ವನನ್ನು ಕರೆದುಕೊಂಡು ಗೋದಾಮಿಗೆ ಹೋದೆ. ಕೆಲಸ ಮುಗಿದು ಹಮಾಲರು ಬಾಗಿಲ ಬಳಿ ಬೀಡಿ ಸೇದುತ್ತಿದ್ದರು. ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಮೂಲೆಯಲ್ಲಿ ಬಿತ್ತನೆಯ ಜೋಳವಿರುತ್ತದೆ. ಬಿತ್ತುವ ಕಾಲದವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಂದೆ ತಾಡಪಾಲು ಇಳಿಬಿಟ್ಟಿತ್ತು. ಸರಿಸಿದರೆ ಕಡೆಮಂಚ, ಅದರ ಮೇಲೆ ಅಡ್ಡಲಾಗಿ ಚೀಲಗಳು.

ಫಕೀರವ್ವ ಹುಬ್ಬು ಗಂಟಿಕ್ಕಿದಳು. ಈ ಚೀಲಗಳು ಬಂದು ಎಷ್ಟೋ ವಾರವಾಯಿತು, ಇಷ್ಟು ಹೊತ್ತಿಗೆ ಬಂಡೆಯಾಗಿರುತ್ತವೆ ಎಂದು ಗೊಣಗುತ್ತ ಒಂದರ ಕಿವಿ ಹಿಡಿದಳು. ನಾನು ತಡೆಯುವ ಮೊದಲೇ ಉಸಿರು ಕಟ್ಟಿ, ಮೈಯ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಚೀಲ ಬರೀ ಚೀಲದಷ್ಟೇ ತೂಕವಿತ್ತು. ಅವಳು ಚೀಲದ ಸಮೇತ ಹಿಂದಕ್ಕೆ ಬಿದ್ದು ಜೋಳದ ಹೊಟ್ಟಿನ ರಾಶಿಯಲ್ಲಿ ಕೂತಳು. ಚೀಲ ಅವಳ ತೊಡೆಯ ಮೇಲೆ ಕೂಸಿನಂತೆ ಕೂತಿತ್ತು. ಅವಳು ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಬಂದ ನಗು ಕೆಮ್ಮಿನಂತೆ ಕೇಳಿಸಿತು.

ಅವಳು ಎದ್ದು ಇನ್ನೊಂದು ಚೀಲದ ಅಡಿಗೆ ಹೆಗಲು ಕೊಟ್ಟಳು. ಬಗ್ಗಬೇಕಾಗಿಯೇ ಇರಲಿಲ್ಲ. ಮಂಚ ಸೊಂಟದೆತ್ತರ, ಚೀಲ ತಾನಾಗಿ ಬೆನ್ನಿಗೆ ಜಾರಿತು. ಇಳಿಸಿ, ಮತ್ತೊಮ್ಮೆ ಹೊತ್ತಳು. ಮತ್ತೆ ಇಳಿಸಿದಳು. ನಗು ನಿಂತಿತ್ತು.

"ನನಗ್ಯಾಕ ಹೇಳ್ಲಿಲ್ಲ ಅಂವ?"

ನನಗೂ ಹೇಳಿರಲಿಲ್ಲ ಎಂದೆ. ಆದರೆ ಯಾಕೆಂದು ನನಗೆ ಆ ಮೂಲೆಯಲ್ಲಿ ನಿಂತಾಗ ಹೊಳೆಯಿತು. ಅಡಿಸಾಲೇ ಇಲ್ಲದಿದ್ದರೆ ಬಿಡಿಸುವವನು ಯಾತಕ್ಕೆ? ಅವರು ಕದ್ದುಮುಚ್ಚಿ ತಮ್ಮ ಮೊದಲ ಎಲೆಯನ್ನು ತಾವೇ ಎತ್ತಿಡುವ ಪ್ರಯೋಗ ಮಾಡುತ್ತಿದ್ದರು.

ಸದ್ದು ಕೇಳಿ ದ್ಯಾಮಣ್ಣ ಬಂದ. ಮಂಚವನ್ನು ಗುರುತಿಸಿ ಅಲ್ಲೇ ನಿಂತ. ಹೆಣ ಮಲಗುವ ಮಂಚದ ಮೇಲೆ ಬಿತ್ತನೆಯ ಜೋಳ ಇಡುವುದೇ, ಊರಿಗೆ ಗೊತ್ತಾದರೆ ನನ್ನನ್ನೇ ಇದರ ಮೇಲೆ ಮಲಗಿಸುತ್ತಾರೆ ಎಂದ. ನಾನು ಹಾಗಾದರೆ ಬೇರೆ ಹಲಗೆ ಹಾಕಬಹುದಲ್ಲ ಎಂದೆ. ಅವನು ಕೆಟ್ಟವನಲ್ಲ. ತನ್ನ ಸೊಂಟದ ಪಟ್ಟಿಯನ್ನು ಬಿಗಿಮಾಡಿಕೊಳ್ಳುತ್ತ ತಾಳ್ಮೆಯಿಂದಲೇ ಹೇಳಿದ: ಅಕ್ಕೋರೇ, ನಮ್ಮ ಗುಂಪಿಗೆ ಇರುವ ಮರ್ಯಾದೆ ಒಂದೇ, ನೆಲದ ಹತ್ತಿರ ಕಸಿದುಕೊಳ್ಳುವುದು. ಹಲಗೆಯ ಮೇಲಿಂದ ಯಾರು ಬೇಕಾದರೂ ಹೊರುತ್ತಾರೆ. ಅಮಾವಾಸ್ಯೆಗೆ ಇವಳಿಗೆ ಬರುವ ಮಾನವನ್ನು ನೀವೇ ಕಳೆಯುತ್ತೀರಿ.

ನಾನು ಫಕೀರವ್ವನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಅಮಾವಾಸ್ಯೆ ಮುಗಿಯಲಿ, ಚೀಲ ಇಳಿಸಿ ಮಂಚ ಒಯ್ಯಿರಿ ಎಂದು ದ್ಯಾಮಣ್ಣ ಹೇಳಿದ್ದಕ್ಕೆ ತಲೆಯಾಡಿಸಿ ಹೊರಟಳು. ಆಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು.

ನನಗೆ ಊರನ್ನು ತಿದ್ದುವ ಆಸೆ ಇರಲಿಲ್ಲ. ಒಂದು ಬೆನ್ನು ಉಳಿಯಬೇಕಿತ್ತು, ಅಷ್ಟೇ. ಯಾರನ್ನು ಕೇಳುವುದು ಎಂದು ಯೋಚಿಸುತ್ತ ಮಲಗಿದ್ದಾಗ ಜಂತಿಯ ಹಗ್ಗ ಕಣ್ಣಿಗೆ ಬಿತ್ತು. ಊರಿನಲ್ಲಿ ಇಂಥ ಹಗ್ಗ ಯಾವ ಯಾವ ಮನೆಯಲ್ಲಿದೆಯೆಂದು ನನಗೆ ಗೊತ್ತು. ಮರುದಿನ ಶಾಲೆ ಬಿಟ್ಟ ಮೇಲೆ ಆ ಮನೆಗಳಿಗೆ ಹೋದೆ. ಗಂಡಸರ ಹತ್ತಿರ ಮಾತಾಡಲಿಲ್ಲ. ಅವರ ಬೆನ್ನ ಮೇಲೆ ನಡೆಯುವ ಹೆಂಗಸರ ಹತ್ತಿರ ಮಾತಾಡಿದೆ. ಅವರು ಮರ್ಯಾದೆಯ ವಿಷಯ ಎತ್ತಲಿಲ್ಲ. ಹಲಗೆ ಎಷ್ಟು ಉದ್ದ ಬೇಕು ಎಂದು ಕೇಳಿದರು. ಒಬ್ಬಳು ತೂಗುಮಣೆ ಕೊಡುತ್ತೇನೆ ಎಂದಳು. ಒಬ್ಬಳು, ಸೊಸೆ ತಂದ ಮಂಚವಿದೆ, ಸೊಸೆಗೆ ಹೇಳಬೇಡಿ ಎಂದಳು. ನಾನು ಶಾಲೆಯ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಕರಿಹಲಗೆಯನ್ನು ಕೇಳಿ ಪಡೆದೆ. ನನ್ನ ಗಂಡನಿಗಿಂತ ಮೊದಲು ನೆಲ ಬಿಡಿಸುತ್ತಿದ್ದ ಯಂಕಣ್ಣಜ್ಜನ ಹೆಂಡತಿ ಮಾತ್ರ ರೊಟ್ಟಿ ಬಡಿಯುತ್ತಲೇ ಇದ್ದಳು. ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ ಹೇಳಿದಳು:

"ಮದಿವಿ ಆದಾಗಿಂದ ಅವನ ಬೆನ್ನ ತುಳದೀನಿ. ನನ್ನ ಕಾಲು ಸವದ್ವು, ಅವನ ನೋವು ಸವೀಲಿಲ್ಲ. ಹಿತ್ತಲ ಬಾಗಲಾ ಐತಿ ನೋಡು, ಕಿತ್ಗೊಂಡು ಹೋಗು."

ಹಿತ್ತಲಲ್ಲಿ ನಾಯಿ ಬರುವುದಿಲ್ಲವೇ ಎಂದೆ. ಬಂದರೆ ಅದೂ ರೊಟ್ಟಿ ತಿನ್ನಲಿ ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಗೋದಾಮಿನಲ್ಲಿ ಜನ ನೆರೆದಿದ್ದರು. ಮೇಲಿನ ಚೀಲಗಳೆಲ್ಲ ಹೋಗಿ ಅಡಿಸಾಲು ಮಾತ್ರ ಉಳಿದಿತ್ತು. ಹಮಾಲರು ಎರಡು ಬದಿಗೆ ನಿಂತಿದ್ದರು. ಕಟ್ಟೆಯ ಮುದುಕರನ್ನೂ ಕರೆತಂದಿದ್ದರು. ಅವರು ನೆರೆದವರ ಚಪ್ಪಲಿ ನೋಡುತ್ತ ಯಾರು ಯಾರು ಬಂದಿದ್ದಾರೆಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನಾವು ಹೆಂಗಸರು ಹಲಗೆ, ಬಾಗಿಲು, ತೂಗುಮಣೆಗಳನ್ನು ಹಿಡಿದು ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ನೆಲಕ್ಕೆ ಇಡುವಂತಿಲ್ಲ, ಆದ್ದರಿಂದ ಕೈ ಬದಲಾಯಿಸುತ್ತ ನಿಂತೆವು. ನಾನು ಬಾಗಿಲವರೆಗೆ ಹೋಗಿ ನೋಡಿದೆ.

ಫಕೀರವ್ವ ಅಣ್ಣನ ಹಳದಿ ವಸ್ತ್ರವನ್ನು ತಲೆಗೆ ಸುತ್ತಿದ್ದಳು. ಮೊದಲ ಚೀಲದ ಮುಂದೆ ನಿಂತು, ಕಾಲು ನೆಟ್ಟಗಿಟ್ಟು, ಬಗ್ಗಿದಳು. ಅರ್ಧ ಬಗ್ಗುವಷ್ಟರಲ್ಲಿ ಅವಳ ಮುಖ ಬಿಳಿಚಿತು. ಆದರೂ ಬಗ್ಗಿದಳು. ಚೀಲದ ಕಿವಿ ಹಿಡಿದಳು. ಹಾಗೇ ಉಳಿದಳು. ನಾನು ಕಿವಿಗೊಟ್ಟು ನಿಂತಿದ್ದೆ, ಆ ಕಡ್ಡಿ ಮುರಿಯುವ ಸದ್ದಿಗೆ.

ಸದ್ದು ಬರಲಿಲ್ಲ. ಅವಳು ಕಿವಿ ಬಿಟ್ಟಳು. ನೆಟ್ಟಗಾಗಲು ಹೋಗದೆ, ಅಲ್ಲೇ, ಎಲ್ಲರೂ ನೋಡುತ್ತಿದ್ದಂತೆ, ಎರಡೂ ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂತಳು. ಎದೆಯನ್ನು ಚೀಲಕ್ಕೆ ತಾಗಿಸಿ ಮುಕಾದಮನ ಕಡೆ ತಿರುಗಿದಳು.

"ದ್ಯಾಮಣ್ಣ ಕಾಕಾ, ನನ್ನ ಸೊಂಟ ಅಣ್ಣನ ಎತ್ತಿದ ದಿನಾನ ಹೋಗೈತಿ. ಒಬ್ಬಾಕಿ ಆಗಂಗಿಲ್ಲ. ನೀ ಈ ಕಡಿ ಬಂದು ಕುಂದರು. ಇಬ್ರೂ ಕೂಡಿ ಎತ್ತೂಣು."

ದ್ಯಾಮಣ್ಣ ಮುಖ ಕೆಂಪಾಗಿಸಿಕೊಂಡು, ನೆಲಕ್ಕೆ ಮಂಡಿಯೂರುವವನು ತಾನಲ್ಲ, ತನ್ನ ಅಪ್ಪನೂ ಊರಿಲ್ಲ ಎಂದ. ಹಿಂದಿನಿಂದ ಯಾರೋ, ಹೆಂಗಸಿಗೆ ಜಾಗ ಕೊಟ್ಟರೆ ಹೀಗೇ ಎಂದು ಗೊಣಗಿದರು. ಫಕೀರವ್ವ ಕೂತೇ ಇದ್ದಳು. ಅವಳು ಅಳುತ್ತಿರಲಿಲ್ಲ, ಆದರೆ ಮೂಗಿನ ಹೊಳ್ಳೆಗಳು ಅಲುಗುತ್ತಿದ್ದವು. ಈಗ ಎದ್ದುಹೋದರೆ ಜಾಗ ಹೋಗುತ್ತದೆ, ಎತ್ತಿದರೆ ಬೆನ್ನು ಹೋಗುತ್ತದೆ.

ಆಗ ಯಂಕಣ್ಣಜ್ಜ ಮುದುಕರ ಸಾಲಿನಿಂದ ಕೋಲೂರುತ್ತ ಮುಂದೆ ಬಂದ. ಅವನ ಮುಖ ಮೊದಲೇ ನೆಲದ ಕಡೆ ಇತ್ತು. ಹಾಗೇ ಫಕೀರವ್ವನ ಪಾದಗಳನ್ನು, ಆಮೇಲೆ ದ್ಯಾಮಣ್ಣನ ಚಪ್ಪಲಿಯನ್ನು ನೋಡಿದ.

"ಲೇ ದ್ಯಾಮ, ಕಟ್ಟಿ ಮ್ಯಾಲ ಕುಂತಾಗಿಂದ ನಾ ನೋಡೂದು ನೆಲಾನ. ಬ್ಯಾರೆ ಏನೂ ಕಾಣೂದಿಲ್ಲ ನನಗ. ಅದರ ಮಾರಿ ನಿಮ್ಮೆಲ್ಲರಿಗಿಂತ ನನಗ ಗುರ್ತೈತಿ. ನೀ ಮಂಡಿ ಊರಿದ್ರ ಅದಕ್ಕ ಸಂತೋಷನೂ ಆಗೂದಿಲ್ಲ, ಊರದಿದ್ರ ಸಿಟ್ಟೂ ಬರೂದಿಲ್ಲ. ಕುಂದರು."

ಯಾರೋ ಒಬ್ಬರು ಕಿಸಕ್ಕೆಂದರು. ದ್ಯಾಮಣ್ಣ ಸೊಂಟದ ಪಟ್ಟಿ ಬಿಚ್ಚಿದ, ಮತ್ತೆ ಕಟ್ಟಿದ. ಆಮೇಲೆ, ಗೋಡೆ ಹಿಡಿದು, ಮೊಣಕಾಲುಗಳ ಲಟಲಟ ಸದ್ದಿನೊಂದಿಗೆ, ಚೀಲದ ಆಚೆ ಕೂತ. ಫಕೀರವ್ವ ಅವನಿಗೆ ಚೀಲವನ್ನು ಹತ್ತಿರ ತಬ್ಬಿಕೋ ಎಂದಳು. ಬೆನ್ನಿನಿಂದ ಬೇಡ, ತೊಡೆಯಿಂದ ಏಳು ಎಂದಳು. ಇಬ್ಬರೂ ಒಟ್ಟಿಗೆ ಉಸಿರು ಬಿಗಿಹಿಡಿದರು. ಚೀಲ ಬಿಡಲಿಲ್ಲ. ಇನ್ನಿಬ್ಬರು ಹಮಾಲರು ಕರೆಯದೆ ಬಂದು ಎರಡು ಬದಿಗೆ ಕೂತರು. ಮತ್ತೊಮ್ಮೆ. ಬೇರು ಕೀಳುವಂಥ ಸದ್ದಿನೊಂದಿಗೆ ಚೀಲ ಒಂದು ಗೇಣು ಮೇಲೆ ಬಂತು.

ನಾನು ಫಕೀರವ್ವನನ್ನು ನೋಡುತ್ತಿದ್ದೆ. ಅವಳು ಎದ್ದು ನಿಂತಳು. ನೆಟ್ಟಗೆ ನಿಂತಳು. ಗೋಡೆ ಹಿಡಿಯಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮಲ್ಲಿ ಅದು ರೂಢಿಯಲ್ಲ. ದ್ಯಾಮಣ್ಣ ಬೆವರು ಒರೆಸಿಕೊಳ್ಳುತ್ತ ಅಡಿಸಾಲಿನ ಉದ್ದವನ್ನು ನೋಡಿದ. ಇವತ್ತು ಮಧ್ಯಾಹ್ನ ಬರುವ ಗಾಡಿಯ ಚೀಲಗಳನ್ನು ಹಾಗಾದರೆ ಎಲ್ಲಿಡುವುದು ಎಂದು, ಯಾರನ್ನೂ ನಿರ್ದಿಷ್ಟವಾಗಿ ಉದ್ದೇಶಿಸದೆ ಕೇಳಿದ. ನಾನು ಹಿಂದೆ ತಿರುಗಿ ಕೈ ಬೀಸಿದೆ. ಹೆಂಗಸರು ಬೇವಿನ ಮರದಡಿಯಿಂದ ಬಂದರು. ಕಲ್ಲುಗಳ ಮೇಲೆ ಹಲಗೆ, ಹಲಗೆಯ ಪಕ್ಕ ಯಂಕಣ್ಣಜ್ಜನ ಹಿತ್ತಲ ಬಾಗಿಲು, ಅದರ ಪಕ್ಕ ಶಾಲೆಯ ಕರಿಹಲಗೆ. ಹಲಗೆಯೇ ನೆಲ ಹಿಡಿದು ಭಾರವಾದರೆ ಏನು ಮಾಡುವುದು ಎಂದು ಗೋದಾಮಿನ ಸಾಹುಕಾರರ ಗುಮಾಸ್ತ ಕೇಳಿದ. ಆಗಲಿ ಬಿಡಿ, ಹಲಗೆಯನ್ನು ಯಾರು ಎತ್ತಬೇಕು ಎಂದಳು ಫಕೀರವ್ವ. ಅಡಿಯಲ್ಲಿ ಇಲಿ ಸೇರಿಕೊಳ್ಳುತ್ತವೆ ಎಂದು ಅವನು ಮತ್ತೆ ಹೇಳಿದ. ಸೇರಿಕೊಂಡರೆ ಬಗ್ಗಿ ನೀವೇ ಹಿಡಿಯಿರಿ, ನಿಮ್ಮ ಬೆನ್ನು ಹೊಸದಿದೆ ಎಂದಳು. ಹಮಾಲರು ನಕ್ಕರು.

ಎಲ್ಲವೂ ಒಂದೇ ದಿನ ಬದಲಾಗಲಿಲ್ಲ. ಅಂದು ಹಲಗೆ ಸಾಕಾದದ್ದು ಒಂದು ಸಾಲಿಗೆ ಮಾತ್ರ. ಉಳಿದ ಹಳೆಯ ಅಡಿಸಾಲುಗಳನ್ನು ನಾಲ್ವರು ಕೂತು ಬಿಡಿಸಬೇಕು, ಅದು ಮುಗಿಯುವಷ್ಟರಲ್ಲಿ ಮಳೆಗಾಲ ಬರಬಹುದು. ಬಾಗಿದ ಬೆನ್ನುಗಳು ನೆಟ್ಟಗಾಗುವುದಿಲ್ಲ. ಆದರೆ ಕೂತು ಎತ್ತಬೇಕು ಎಂದು ಕಲಿಸುವವಳು ಫಕೀರವ್ವ, ಯಾವಾಗ ಉಸಿರು ಹಿಡಿಯಬೇಕು ಎಂದು ಹೇಳುವವಳೂ ಅವಳೇ. ನೆಲ ಬಿಡಿಸುವವಳು ಎಂದೇ ಅವಳನ್ನು ಕರೆಯುತ್ತಾರೆ. ಕಳೆದ ವಾರದ ಮದುವೆಯಲ್ಲಿ ಮೊದಲ ಎಲೆಯ ಮುಂದೆ ಅವಳನ್ನು ಕೂರಿಸಿದರು. ನಾಲ್ವರಿಗೆ ಹಾಕಿ ಎಂದು ಹಟ ಹಿಡಿದಳಂತೆ. ಹಾಕಿದರಂತೆ.

ಆ ಅಮಾವಾಸ್ಯೆಯ ಸಂಜೆ ನಾವಿಬ್ಬರೂ ಬಿತ್ತನೆಯ ಜೋಳವನ್ನು ಹೊಸ ಹಲಗೆಗೆ ಸರಿಸಿ ಕಡೆಮಂಚವನ್ನು ಖಾಲಿ ಮಾಡಿದೆವು. ಅದರ ಕಾಲುಗಳು ಸುಗ್ಗಿಯಿಂದ ನೆಲದ ಮೇಲೆ ನಿಂತಿದ್ದವು. ಮೇಲಿದ್ದ ಚೀಲಗಳಿಗೆ ಬಾರದ ಭಾರವೆಲ್ಲ ಮಂಚಕ್ಕೆ ಬಂದಿತ್ತು. ಫಕೀರವ್ವ ಹಮಾಲರನ್ನು ಕರೆಯಲು ಹೊರಟಳು. ನಾನು ಬೇಡ ಎಂದೆ. ನನಗೆ ತೋರಿಸು ಎಂದೆ.

ಅವಳು ತೋರಿಸಿದಳು. ಕಾಲು ಅಗಲಿಸಿ ಕೂತೆ. ಮಂಚದ ಕಾಲನ್ನು ಎದೆಗೆ ಹತ್ತಿರ ತಬ್ಬಿದೆ. ಆಚೆ ತುದಿಯಲ್ಲಿ ಅವಳು. ಎತ್ತಲು ಹೋದಾಗ ಏನೂ ಆಗಲಿಲ್ಲ. ಗೋಡೆಯನ್ನು ಎತ್ತಲು ಹೋದಂತಿತ್ತು. ಎರಡನೆಯ ಸಲ ನನ್ನ ತೊಡೆ ನಡುಗಿತು, ಕಿವಿಯಲ್ಲಿ ರಕ್ತ ಗುಯ್ಗುಟ್ಟಿತು, ಭಾರ ತೋಳಿನಿಂದ ಏರಿ ಕುತ್ತಿಗೆಗೆ, ಹಲ್ಲಿಗೆ, ಕಣ್ಣಿಗೆ ಬಂತು. ದಿನವೂ ಬೆಳಿಗ್ಗೆ ಇದನ್ನು ಹಿಡಿದ ಮನುಷ್ಯನ ಬೆನ್ನ ಮೇಲೆ ನಾನು ಸಂಜೆ ನಡೆದಿದ್ದೆ. ಒಂದು ದಿನವೂ ಎಷ್ಟು ಭಾರ ಎಂದು ಕೇಳಿರಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಉಸಿರು ಬಿಡಬೇಡ ವೈನಿ ಎಂದು ಫಕೀರವ್ವ ಹೇಳುವಷ್ಟರಲ್ಲಿ ನನ್ನ ಉಸಿರು ಬಿಟ್ಟಿತ್ತು, ಅದರ ಜೊತೆ ಮಣ್ಣು ಕೊಟ್ಟ ದಿನದಿಂದ ಬಾರದ ಅಳುವೂ ಬಂತು. ಅಳುತ್ತಲೇ ಎತ್ತಿದೆ. ಮಂಚ ನೆಲ ಬಿಟ್ಟಿತು. ಬಿಟ್ಟ ಕೂಡಲೇ ಬರೀ ಮರವಾಯಿತು.

ಅದನ್ನು ಹೊತ್ತು ಊರಿನ ಅಂಚಿನವರೆಗೆ ನಡೆದೆವು. ಬೆಳಕು ಇನ್ನೂ ಇತ್ತು. ದಾರಿಯಲ್ಲಿ ಜನ ಕಡೆಮಂಚ ಕಂಡು ನಿಂತರು. ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದಳು ಫಕೀರವ್ವ. ಕಲ್ಲವ್ವಜ್ಜಿ ಬಾಗಿಲಲ್ಲೇ ಇದ್ದಳು. ಇಷ್ಟು ಅವಸರವೇನೂ ಇರಲಿಲ್ಲ, ಗೌರಮ್ಮ ಎದ್ದು ಕೂತು ಗಂಜಿಗೆ ಉಪ್ಪು ಕಡಿಮೆ ಎಂದು ಸೊಸೆಗೆ ಬೈಯುತ್ತಿದ್ದಾಳೆ ಎಂದಳು. ಮಂಚದ ಮೇಲೆ ಅಂಟಿದ್ದ ಜೋಳದ ಕಾಳುಗಳನ್ನು ಆರಿಸಿ ಉಡಿಗೆ ಹಾಕಿಕೊಂಡಳು, ತೊಲೆಯಿಂದ ಇಳಿಬಿದ್ದ ಹಗ್ಗಗಳನ್ನು ಕಾಲುಗಳಿಗೆ ಸುತ್ತಿದಳು, ಗಂಟು ಹಾಕುವ ಮೊದಲು ನಿಂತಳು.

ಕಡೆಮಂಚವನ್ನು ಮರಳಿಸುವಾಗ ಒಂದು ಕ್ರಮವಿದೆ. ಅದು ಯಾರ ಸಲುವಾಗಿ ಹೋಗಿತ್ತೋ ಅವರ ಹೆಸರನ್ನು ಮನೆಯವರು ಬಾಯಿಬಿಟ್ಟು ಹೇಳಬೇಕು. ಕೇಳದೆ ಅಜ್ಜಿ ಗಂಟು ಬಿಗಿಯುವುದಿಲ್ಲ. ಅವರು ಅದರ ಮೇಲೆ ಮಲಗಿರಲಿಲ್ಲ. ಅಜ್ಜಿಗೂ ಅದು ಗೊತ್ತಿತ್ತು. ಫಕೀರವ್ವ ಹೇಳಬಹುದಿತ್ತು, ಅವಳ ಅಣ್ಣ. ಅವಳು ಹಗ್ಗದ ತುದಿ ಹಿಡಿದು ನನ್ನ ಕಡೆ ನೋಡಿದಳು. ಮದುವೆಯ ದಿನ ಗಂಡನ ಹೆಸರು ಸೇರಿಸಿ ಹೇಳುವ ಒಡಪಿನಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ನಾನು ಆ ಹೆಸರನ್ನು ಆಡಿದ್ದೇ ಇಲ್ಲ.

"ಸೋಮನಿಂಗ," ಎಂದೆ.

ಅಜ್ಜಿಗೆ ಕಿವಿ ಮಂದ. "ಗಟ್ಟಿಯಾಗಿ ಹೇಳವ್ವಾ," ಎಂದಳು.

ಗಟ್ಟಿಯಾಗಿ ಹೇಳಿದೆ. ಅಜ್ಜಿ ಗಂಟು ಬಿಗಿದಳು. ಫಕೀರವ್ವ ಹಗ್ಗ ಎಳೆದಳು. ಮಂಚ ನಮ್ಮ ತಲೆಯ ಮೇಲೆ ಹೋಗಿ, ಸ್ವಲ್ಪ ಹೊತ್ತು ಅಲುಗಾಡಿ, ನಿಂತಿತು.